ಗುರುವಾರದ ಹೊರೆ

ನಮ್ಮೂರಿನಲ್ಲಿ ಕಾಯಿಲೆಯವರು ಆಸ್ಪತ್ರೆಗೆ ಹೋಗುವುದಿಲ್ಲ, ಕಾಯಿಲೆ ಹೋಗುತ್ತದೆ. ಮನೆಯವರು ಯಾರಾದರೂ ಅದನ್ನು ಹೊತ್ತುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ, ತಿರುಗಿ ತಂದು ಒಪ್ಪಿಸಬೇಕು. ಆಸ್ಪತ್ರೆ ಇರುವುದು ಗುಡ್ಡದ ನೆತ್ತಿಯ ಮೇಲೆ, ನೂರಾ ನಲವತ್ತು ಮೆಟ್ಟಿಲು ಹತ್ತಬೇಕು. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಅವರ ಕಡೆ ಎಪ್ಪತ್ತು ದಾಟಿದ ಮುದುಕಿಯನ್ನು ಆಟೋದಲ್ಲಿ ತುಂಬಿಕೊಂಡು ಹೋಗಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಒಣಗಿಸುತ್ತಾರಂತೆ. ನನಗೆ ಅದೇ ವಿಚಿತ್ರವಾಗಿ ಕಾಣುತ್ತದೆ.

ನನ್ನ ಹೆಸರು ನಾಗವೇಣಿ. ಸೀರೆಗೆ ಫಾಲ್ ಹಚ್ಚುವುದು, ಅಂಚು ಹೊಲಿಯುವುದು ನನ್ನ ಕೆಲಸ. ಮದುವೆಯಾದ ಆರನೇ ವರ್ಷ ಗಂಡ ಜ್ವರ ಬಂದು ಮೂರೇ ದಿನದಲ್ಲಿ ಹೋದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ನಾನು ಮತ್ತು ನಮ್ಮತ್ತೆ ತುಂಗಮ್ಮ, ಒಂದೇ ಬಸ್ಸು ತಪ್ಪಿಸಿಕೊಂಡು ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಅಪರಿಚಿತರ ಹಾಗೆ. ತವರಿಗೆ ಹೋಗೆಂದು ಅವರು ಹೇಳಲಿಲ್ಲ, ಹೋಗುತ್ತೇನೆಂದು ನಾನೂ ಹೇಳಲಿಲ್ಲ. ಬೆಳಗ್ಗೆ ಎದ್ದರೆ ಒಲೆ ಹಚ್ಚಬೇಕಿತ್ತು, ಹಚ್ಚಿದೆವು. ಹಾಗೇ ವರ್ಷಗಳು ಕಳೆದವು.

ಹೊರೆ ಹೊರುವುದಕ್ಕೆ ರಕ್ತಸಂಬಂಧ ಬೇಕಿಲ್ಲ. ಒಂದೇ ಒಲೆಯ ಅಡುಗೆಯನ್ನು ಒಂದು ವರ್ಷ, ಒಂದು ಹೊತ್ತೂ ತಪ್ಪಿಸದೆ ಉಂಡಿರಬೇಕು, ಅಷ್ಟೇ. ಹಾಗಾಗಿಯೇ ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಮದುವೆಯಾಗಿ ಬೇರೆ ಊರು ಸೇರಿದವಳು, ಅವರ ಒಂದು ನೆಗಡಿಯನ್ನೂ ಎತ್ತಿಕೊಳ್ಳಲಾರಳು. ಸೊಸೆಯಾದ ನಾನು ಹೊರಬಲ್ಲೆ. ಅಂಗೈಗೆ ಅಂಗೈ ಇಟ್ಟು ನಾನು ‘ಕೊಡಿ’ ಅನ್ನಬೇಕು, ಅವರು ‘ತಗೋ’ ಅನ್ನಬೇಕು. ಕೊಡುವವರು ಮನಸ್ಸಿನಲ್ಲಿ ಏನನ್ನು ನೆನೆದು ಕೊಡುತ್ತಾರೋ ಅದು ಬರುತ್ತದೆ. ತಿರುಗಿ ಒಪ್ಪಿಸುವಾಗ ಮಾತ್ರ ಕೇಳಬೇಕಾದವರು ಅವರು. ಕಾಯಿಲೆಯ ಒಡೆಯರೇ ಕೈ ಚಾಚಿ ‘ಕೊಡು’ ಅನ್ನದಿದ್ದರೆ ಅದು ಹೊತ್ತವರನ್ನು ಬಿಟ್ಟು ಹೋಗುವುದಿಲ್ಲ. ದೀಪ ಹಚ್ಚುವ ಹೊತ್ತು ಮೀರಿದರೆ ಅಲ್ಲೇ ಖಾಯಂ. ಮೇಲಿನ ಬೀದಿಯ ಚಂದ್ರಯ್ಯನಿಗೆ ಹಾಗೇ ಆಯಿತು. ಅವನಪ್ಪ ದಮ್ಮನ್ನು ಮಗನ ಕೈಗಿಟ್ಟು, ಮಗ ಮೆಟ್ಟಿಲು ಹತ್ತುತ್ತಿದ್ದಂತೆ ಬಸ್ಸು ಹತ್ತಿದ. ಚಂದ್ರಯ್ಯ ಇಪ್ಪತ್ತು ವರ್ಷದಿಂದ ಏದುಸಿರು ಬಿಡುತ್ತಿದ್ದಾನೆ. ಮುದುಕ ಎಲ್ಲೋ ಚೆನ್ನಾಗಿದ್ದಾನಂತೆ, ಹೆಂಡತಿಯನ್ನೂ ಕಟ್ಟಿಕೊಂಡಿದ್ದಾನಂತೆ.

ನಮ್ಮ ಬೀದಿಯ ಸರದಿ ಗುರುವಾರ. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಮಂಡಿನೋವು, ಬಿಪಿ, ಕಣ್ಣಿನ ಪೊರೆ ಎಲ್ಲವನ್ನೂ ತೆಗೆದುಕೊಂಡು ಹೊರಡುತ್ತಿದ್ದೆ. ಮಂಜು ಮಂಜಾದ ಮೆಟ್ಟಿಲುಗಳನ್ನು ಕಾಲಿನಲ್ಲಿ ತಡಕುತ್ತ ಹತ್ತುತ್ತಿದ್ದೆ. ಫಿಲೋಮಿನಾ ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಸುತ್ತಿ ಅತ್ತೆಯ ಬಿಪಿ ನೋಡುತ್ತಿದ್ದರು. ಡಾಕ್ಟರ್ ಪರಮಶಿವಯ್ಯ ನನ್ನ ಮಂಡಿ ಒತ್ತಿ, ‘ಇಲ್ಲಿ ಹೇಗಿದೆ ಅವರಿಗೆ?’ ಎಂದು ಕೇಳುತ್ತಿದ್ದರು. ಮಾತ್ರೆ ಕಟ್ಟಿಸಿಕೊಂಡು ಇಳಿಯುವ ಹೊತ್ತಿಗೆ ಬಿಸಿಲು ಬಾಗಿರುತ್ತಿತ್ತು. ಮೊದಮೊದಲು ನನಗೆ ಒಳಗೊಳಗೇ ಪುಕಪುಕ, ಮುದುಕಿ ಚಂದ್ರಯ್ಯನ ಅಪ್ಪನ ದಾರಿ ಹಿಡಿದರೆ ಏನು ಗತಿ ಎಂದು. ಆದರೆ ಬೀದಿ ತಿರುಗಿದರೆ ಅತ್ತೆ ಹೊಸ್ತಿಲ ಮೇಲೆ ನಿಂತು, ಚಪ್ಪಲಿ ಬಿಡುವುದಕ್ಕೂ ಬಿಡದೆ ಕೈ ಚಾಚುತ್ತಿದ್ದರು. ‘ಕೊಡು, ಸಾಕು ನೀನು ಹೊತ್ತಿದ್ದು’ ಅನ್ನುತ್ತಿದ್ದರು. ನಾನು ಕೊಟ್ಟು ಸೀದಾ ಬಚ್ಚಲಿಗೆ ಹೋಗುತ್ತಿದ್ದೆ. ನೋವಿಲ್ಲದ ಆ ಮೂರು ಗಂಟೆ ಏನು ಮಾಡಿದಿರಿ ಎಂದು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ನಾಲ್ಕನೇ ವರ್ಷದ ಒಂದು ದಿನವನ್ನು ಹೇಳಬೇಕು. ಮದುವೆ ಸೀಸನ್ನು, ಮೂವತ್ತು ಸೀರೆ ರಾಶಿ ಬಿದ್ದಿದ್ದವು. ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಾಲು ಮಡಿಸಿದರೆ ಒಂದು ‘ಅಮ್ಮಾ’, ಚಾಚಿದರೆ ಇನ್ನೊಂದು ‘ಅಮ್ಮಾ’. ನನಗೆ ರೇಗಿತು. ಸೂಜಿ ಕೆಳಗಿಟ್ಟು ಹೇಳಿಯೇಬಿಟ್ಟೆ.

“ನೋವು ಎಷ್ಟಿದೆ ಅಂತ ನಂಗೆ ಗೊತ್ತು ಅತ್ತೆ. ಇಷ್ಟಕ್ಕೆ ಹೀಗೆ ನರಳೋದು ಬೇಡ. ಇದನ್ನೇ ಹೊತ್ಕೊಂಡು ಅಷ್ಟು ಮೆಟ್ಟಿಲು ಹತ್ತಿ ಇಳೀತೀನಿ, ಒಂದು ದಿನ ಅಯ್ಯೋ ಅಂದಿದೀನಾ?”

ಅವರ ಕೈ ಒಂದು ಗಳಿಗೆ ನಿಂತಿತು. ‘ಹೌದಲ್ಲ’ ಅಂದರು, ಮತ್ತೆ ಸುಲಿಯತೊಡಗಿದರು. ಅವತ್ತಿನಿಂದ ನಮ್ಮತ್ತೆ ನರಳಲಿಲ್ಲ. ಏಳುವಾಗ ಗೋಡೆ ಹಿಡಿದು, ತುಟಿ ಬಿಗಿದು ಏಳುತ್ತಿದ್ದರು. ನಾನು ಗೆದ್ದೆ ಅಂದುಕೊಂಡೆ. ಬೇರೆ ಊರಿನ ಸೊಸೆಯರು ಅತ್ತೆಯ ನೋವು ಎಷ್ಟು ನಿಜ, ಎಷ್ಟು ನಾಟಕ ಎಂದು ಊಹಿಸಬೇಕು. ನನಗೆ ಮೈಯಲ್ಲೇ ಅಳೆದು ನೋಡಿದ್ದೇನೆ ಎಂಬ ಜಂಬ. ಹೊತ್ತು ನೋಡಿದವಳಿಗೆ ಯಾರು ಎದುರು ಹೇಳುತ್ತಾರೆ?

ಹತ್ತನೇ ವರ್ಷ ದಾಟುವಾಗ ಮರೆವು ಶುರುವಾಯಿತು. ಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಸ್ನಾನ ಮುಗಿಸಿ ಬಂದವರೇ ಸ್ನಾನಕ್ಕೆ ನೀರು ಕಾದಿದೆಯಾ ಎಂದರು. ಒಂದು ಬೆಳಗ್ಗೆ ಕಾಫಿ ಕೊಟ್ಟಾಗ ಲೋಟ ತೆಗೆದುಕೊಂಡು, ನನ್ನ ಮುಖ ನೋಡಿ, ‘ಈ ಮನೆಯಲ್ಲಿ ಯಾರೂ ಹೆಂಗಸರಿಲ್ಲವಾ, ಪಾಪ ನಿಮ್ಮ ಕೈಯಲ್ಲಿ ಮಾಡಿಸುತ್ತಾರಲ್ಲ’ ಎಂದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಆಮೇಲೆ ಕೆಲಸವೇ ಅಳುವುದಕ್ಕೆ ಬಿಡಲಿಲ್ಲ. ಬೆಳಗಿನ ಎರಡು ಮಾತ್ರೆ, ರಾತ್ರಿಯ ಮೂರು, ಬೆಲ್ಲದ ಚೂರಿನಲ್ಲಿ ಒತ್ತಿ ಕೊಡಬೇಕು, ಇಲ್ಲವಾದರೆ ದಿಂಬಿನ ಕೆಳಗೆ ಸೇರುತ್ತವೆ. ಬೆನ್ನು ಉಜ್ಜಬೇಕು, ಉಗುರು ಕತ್ತರಿಸಬೇಕು, ಊದಿದ ಪಾದಕ್ಕೆ ಎಣ್ಣೆ ಹಚ್ಚಬೇಕು. ಮರೆವಿನ ಜೊತೆಗೆ ನರಳಾಟವೂ ತಿರುಗಿ ಬಂತು. ಎದ್ದರೆ ಕೂತರೆ ‘ಅಮ್ಮಾ, ಅಮ್ಮಾ’. ವಯಸ್ಸಾದಂತೆ ಮಗುವಿನ ಹಾಗೆ ಆಗುತ್ತಾರೆ ಅಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಗುರುವಾರ ಎಂದಿನ ಹಾಗೆ ಕೈ ಇಟ್ಟು ‘ಕೊಡಿ’ ಅಂದೆ. ಅತ್ತೆ ಕಿಟಕಿಯ ಕಡೆ ನೋಡುತ್ತ, ಹೇಳಿಕೊಟ್ಟ ಮಗುವಿನ ಹಾಗೆ ‘ತಗೋ’ ಅಂದರು. ಆಮೇಲಿನದು ನನಗೆ ಮಬ್ಬಾಗಿ ನೆನಪಿದೆ. ಬೀದಿಯ ಕೊನೆ ಮುಟ್ಟುವ ಮೊದಲೇ ನಾನು ಎಲ್ಲಿಗೆ ಹೊರಟಿದ್ದೇನೆಂಬುದು ಹೋಯಿತು, ಆಮೇಲೆ ನಾನು ಯಾರೆಂಬುದು. ಕಾಲುಗಳಿಗೆ ಮಾತ್ರ ಮೆಟ್ಟಿಲಿನ ರೂಢಿಯಿತ್ತು, ಹತ್ತಿದವು. ಮಂಡಿಯೊಳಗೆ ಯಾರೋ ಗರಗಸ ಎಳೆಯುತ್ತಿದ್ದರು. ಇಪ್ಪತ್ತನೇ ಮೆಟ್ಟಿಲಿನಲ್ಲೋ ಎಲ್ಲೋ ಕುಸಿದು ಕೂತು ‘ಅಮ್ಮಾ’ ಎಂದು ಕೂಗುತ್ತಿದ್ದೆನಂತೆ. ಫಿಲೋಮಿನಾ ಸಿಸ್ಟರ್ ಇಳಿದು ಬಂದು, ಇಬ್ಬರ ಹೆಗಲು ಕೊಡಿಸಿ ಡಾಕ್ಟರ ಹತ್ತಿರ ಕರೆದೊಯ್ದರು, ಅವರೇ ಸಂಜೆ ಮನೆಗೆ ತಂದು ಬಿಟ್ಟರು. ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು, ನನ್ನ ಕೆನ್ನೆ ಸವರಿದಳು, ‘ಕೊಡು’ ಅಂದಳು. ಕಣ್ಣು ಬಿಟ್ಟಂತೆ ನನಗೆ ಎಲ್ಲವೂ ತಿರುಗಿ ಬಂತು. ಎದುರಿಗಿದ್ದ ಅತ್ತೆ ಅಷ್ಟರಲ್ಲಿ ನನ್ನನ್ನು ನೋಡಿ, ‘ಯಾರು ಬೇಕಾಗಿತ್ತು?’ ಎಂದರು.

ಮಾರನೇ ದಿನ ಬರಿಗೈಯಲ್ಲಿ, ನನ್ನದೇ ತಲೆಯಲ್ಲಿ, ಡಾಕ್ಟರ ಬಳಿ ಹೋದೆ. ಅವರು ಹಳೆಯ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ನಿನ್ನೆ ನೀವು ತಂದ ನೋವಿನ ಕಾಲುಭಾಗವಷ್ಟೇ ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಕಾಲುಭಾಗಕ್ಕೇ ಮಾತ್ರೆ ಬರೆಯುತ್ತ ಬಂದೆ ಎಂದರು. ನನಗೆ ಅರ್ಥವಾಗಲಿಲ್ಲ.

“ಹಿಡ್ಕೊಂಡು ಕೊಟ್ಟಿದಾರಮ್ಮ,” ಅಂದರು ಡಾಕ್ಟರು. “ಕೊಡೋವಾಗ ಸ್ವಲ್ಪವೇ ನೆನೆದ್ರೆ ಸ್ವಲ್ಪವೇ ಬರುತ್ತೆ. ಉಳಿದಿದ್ದನ್ನ ತಮ್ಮ ಹತ್ರಾನೇ ಇಟ್ಕೊಂಡಿದಾರೆ. ಈಗ ಹಿಡ್ಕೋಬೇಕು ಅನ್ನೋದೇ ಅವ್ರಿಗೆ ಮರೆತುಹೋಗಿದೆ. ಅದಕ್ಕೇ ಎಲ್ಲಾ ಬಂತು.”

ಯಾಕೆ ಹಾಗೆ ಮಾಡಿದರು ಎಂದು ಕೇಳಿದೆ. ಸೊಸೆ ಮೆಟ್ಟಿಲ ಮೇಲೆ ಬೀಳಬಾರದು ಎಂದು ಇರಬಹುದು, ಬೇರೇನಿರುತ್ತದೆ ಎಂದರು ಡಾಕ್ಟರು. ನಾನು ಮೆಟ್ಟಿಲಿಳಿದು ಬರುವಾಗ ಮಂಡಿ ನೋಯುತ್ತಿರಲಿಲ್ಲ, ಆದರೆ ನಡೆಯಲು ಆಗುತ್ತಿರಲಿಲ್ಲ. ನೋವಿನ ಮುಕ್ಕಾಲು ಪಾಲನ್ನು ಇಟ್ಟುಕೊಂಡಿದ್ದವರಿಗೆ ಇಷ್ಟಕ್ಕೆ ನರಳಬೇಡಿ ಅಂದಿದ್ದೆ. ಅವರು ‘ಹೌದಲ್ಲ’ ಅಂದಿದ್ದರು. ಆ ಮಾತನ್ನು ಬಾಯಿಂದ ತಿರುಗಿ ತೆಗೆದುಕೊಳ್ಳಬೇಕು, ಅವರ ಕಾಲು ಹಿಡಿದು ತಪ್ಪಾಯಿತು ಅನ್ನಬೇಕು, ಅದೂ ನಾನು ಯಾರೆಂದು ಅವರಿಗೆ ಗೊತ್ತಿರುವಾಗ. ನನಗೆ ಬೇರೇನೂ ಬೇಡವಾಗಿತ್ತು. ಮನೆಗೆ ಬಂದು ಕಾಲು ಹಿಡಿದೆ. ಅತ್ತೆ ಗಾಬರಿಯಾಗಿ ಕಾಲು ಎಳೆದುಕೊಂಡು, ಯಾರೋ ದೊಡ್ಡ ಮನೆಯ ಹೆಂಗಸು ತಮಗೆ ನಮಸ್ಕಾರ ಮಾಡುತ್ತಿದ್ದಾಳೆಂದು ನಾಚಿಕೊಂಡರು.

ಅವರಿಗೆ ನನ್ನ ಗುರುತು ಸಿಗುವುದು ನಾನು ಅವರ ಮರೆವನ್ನು ಹೊತ್ತಾಗ ಮಾತ್ರ. ಆಗ ನನಗೆ ಅವರ ಗುರುತಿರುವುದಿಲ್ಲ. ಒಪ್ಪಿಸಿದ ಗಳಿಗೆಯಲ್ಲಿ ನನಗೆ ಅವರು ಸಿಗುತ್ತಾರೆ, ಅವರಿಗೆ ನಾನು ಕಳೆದುಹೋಗುತ್ತೇನೆ. ನಡುವೆ ಒಂದು ಉಸಿರಿನಷ್ಟೂ ಜಾಗವಿಲ್ಲ. ಎಷ್ಟೋ ಗುರುವಾರ ಅಂಗೈ ಇಟ್ಟು ನೋಡಿದ್ದೇನೆ, ಆ ಸಂದಿಯಲ್ಲಿ ಒಂದು ಮಾತು ತೂರಿಸಬಹುದೇ ಎಂದು. ಆಗಲಿಲ್ಲ.

ಎದುರುಮನೆಯ ಖತೀಜಮ್ಮ ಹಾಸಿಗೆ ಹೊಲಿಯುವವರು, ಅತ್ತೆಗಿಂತ ಹತ್ತು ವರ್ಷ ಚಿಕ್ಕವರು, ಒಬ್ಬರೇ ಇರುವವರು. ಮರೆವು ಹೊರತೊಡಗಿದ ಮೇಲೆ ಗುರುವಾರದ ಮೂರು ಗಂಟೆ ಅತ್ತೆಯ ಜೊತೆ ಕೂರಲು ಅವರನ್ನೇ ಕೇಳಿಕೊಂಡೆ. ಅತ್ತೆ ಆಗ ಹೇಗಿರುತ್ತಾರೆಂದು ಅವರಿಂದಲೇ ನನಗೆ ತಿಳಿಯುತ್ತಿತ್ತು. ಇವತ್ತು ಮನೆಯೆಲ್ಲ ಗುಡಿಸಿದರು, ಇವತ್ತು ನಿನ್ನ ಸೀರೆಗಳ ಹೊಲಿಗೆ ನೋಡಿ ಚೆನ್ನಾಗಿದೆ ಅಂದರು, ಇವತ್ತು ವೇಣಿ ಊಟ ಮಾಡಿ ಹೋದಳಾ ಎಂದು ಎರಡು ಸಲ ಕೇಳಿದರು. ನನ್ನ ತಪ್ಪನ್ನು ನೀವೇ ಅವರಿಗೆ ತಿಳಿಸಿಬಿಡಿ ಎಂದೆ. ಖತೀಜಮ್ಮ ಒಪ್ಪಲಿಲ್ಲ. ಬೈದದ್ದು ನಿನ್ನ ಬಾಯಿ, ನನ್ನ ಬಾಯಲ್ಲಿ ಹೇಳಿಸಿದರೆ ಅದು ಚಾಡಿಯಾಗುತ್ತದೆ ಎಂದರು. ಒಂದು ವಾರ ಏನೋ ಯೋಚಿಸುತ್ತ ಓಡಾಡಿದರು. ಆಮೇಲೆ ಒಂದು ಬೆಳಗ್ಗೆ ತಟ್ಟೆ ಲೋಟ ಹಿಡಿದುಕೊಂಡು ನಮ್ಮ ಅಡುಗೆಮನೆಗೇ ಬಂದು ಕೂತರು.

“ಬಡಿಸು ವೇಣಮ್ಮ. ಇವತ್ತಿಂದ ಒಂದು ವರ್ಷ ನಂದು ಇಲ್ಲೇ ಊಟ,” ಅಂದರು. “ವರ್ಷ ತುಂಬಿದ ಮೇಲೆ ಒಂದು ಗುರುವಾರ ತುಂಗಕ್ಕನ ಹೊರೆ ನಾನು ಹೊರ್ತೀನಿ. ನೀನು ಮನೇಲಿದ್ದು ಮಾತಾಡ್ಕೋ.”

ಬೇಡವೆನ್ನುವಷ್ಟು ದೊಡ್ಡತನ ನನಗಿರಲಿಲ್ಲ. ಬಡಿಸಿದೆ. ಮೊದಲ ತುತ್ತಿಗೇ ಅವರ ಮುಖ ಹುಳ್ಳಗಾಯಿತು. ನಮ್ಮದು ಸೊಪ್ಪಿನ ಸಾರು, ಬೇಳೆ ಸಾರು, ಹೆಚ್ಚೆಂದರೆ ಹುರುಳಿಕಾಯಿ ಪಲ್ಯ, ಅದೂ ಬಿಪಿಯವರ ಮನೆಯೆಂದು ಉಪ್ಪು ಕಡಿಮೆ. ಖತೀಜಮ್ಮ ಆ ವರ್ಷ ತಮ್ಮ ಒಲೆಯನ್ನು ಹಚ್ಚಲೇ ಇಲ್ಲ. ತಮ್ಮನ ಮಗಳ ಮದುವೆಗೆ ಹೋಗಿ, ಬಿರಿಯಾನಿಯ ವಾಸನೆ ಕುಡಿದು, ಬುತ್ತಿಯ ಮೊಸರನ್ನ ತಿಂದು ಬಂದರು. ರಂಜಾನಿನಲ್ಲಿ ಅವರ ಉಪವಾಸಕ್ಕಾಗಿ ನಾನು ಕತ್ತಲಿರುವಾಗಲೇ ಎದ್ದು ರೊಟ್ಟಿ ತಟ್ಟಿದೆ. ಹಬ್ಬದ ದಿನ ಅವರು ಹೇಳಿಕೊಟ್ಟ ಹಾಗೇ ಖರ್ಜೂರ, ಶ್ಯಾವಿಗೆ ಹಾಕಿ ಶೀರ್ ಖುರ್ಮಾ ಮಾಡಿದೆ. ಹಾಲು ಒಡೆಯಿತು. ಅವರು ಎರಡು ಬಟ್ಟಲು ಕುಡಿದು, ಅಲ್ಲಾ ನೋಡುತ್ತಿದ್ದಾನೆ, ಇದರಲ್ಲಿ ಅರ್ಧ ಪುಣ್ಯ ನನಗೆ ಬೇರೆಯಾಗಿ ಬರಬೇಕು ಎಂದರು. ಅತ್ತೆ ಪಕ್ಕದಲ್ಲಿ ಕೂತು, ಈ ಮನೆಯವರು ನೆಂಟರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಮೆಚ್ಚಿಕೊಂಡರು.

ಆ ವರ್ಷವೆಲ್ಲ ಗುರುವಾರದ ಹೊರೆಯನ್ನು ನಾನೇ ಹೊತ್ತೆ. ಮರೆವು ಹೊತ್ತವರನ್ನು ಸಿಸ್ಟರ್ ಬೀದಿಯಿಂದಲೇ ಕರೆದುಕೊಂಡು ಹೋಗುತ್ತಿದ್ದರು, ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ಸಾಲಾಗಿ ಹಿಡಿಸಿ. ಎಲ್ಲರ ಎದೆಯ ಮೇಲೂ ಚೀಟಿ: ಹೆಸರು, ಬೀದಿ, ‘ಇದು ನಿಮ್ಮದಲ್ಲ, ಮನೆಗೆ ಹೋಗಿ ಒಪ್ಪಿಸಿ’. ಮಂಡಿಗೆ ಹೊಸ ಮಾತ್ರೆ ಬಂತು, ನೋವು ಅರ್ಧಕ್ಕೆ ಇಳಿಯಿತು. ಮರೆವಿಗೆ ಔಷಧವಿಲ್ಲ, ಎಷ್ಟು ಹೆಚ್ಚಾಗಿದೆ ಎಂದು ಬರೆದಿಟ್ಟುಕೊಳ್ಳುವುದಷ್ಟೇ ಎಂದರು ಡಾಕ್ಟರು. ಹಾಗಾದರೆ ಮರೆವನ್ನು ತರುವುದು ಯಾಕೆ ಎಂದು ಬೇರೆಯವರಾದರೆ ಬಿಡುತ್ತಿದ್ದರೇನೋ. ನಾನು ಬಿಡಲಿಲ್ಲ. ವಾರಕ್ಕೆ ಮೂರು ಗಂಟೆಯಾದರೂ ಅತ್ತೆ ತಮ್ಮ ಮನೆಯಲ್ಲಿ ತಾವಾಗಿ ಇರುತ್ತಾರಲ್ಲ ಎಂಬುದೇ ನನಗೆ ಸಮಾಧಾನ. ಅವರಿಗೆ ಏನೋ ಕೊಡುತ್ತಿದ್ದೇನೆ ಎಂದು ಖುಷಿಯಿಂದಲೇ ಹೊರುತ್ತಿದ್ದೆ. ವರ್ಷ ತುಂಬುವವರೆಗೆ ಅವರನ್ನು ಉಳಿಸಪ್ಪ ಎಂದು ಮಾತ್ರ ದೇವರಿಗೆ ಕೈಮುಗಿಯುತ್ತಿದ್ದೆ, ಯಾಕೆಂದರೆ ಚಳಿಗಾಲದಲ್ಲಿ ಅವರು ಊಟ ಕಡಿಮೆ ಮಾಡಿದರು, ತೋಳು ಬಳೆಯೊಳಗೆ ಸೊರಗಿತು.

ಉಳಿದರು. ವರ್ಷ ತುಂಬಿದ ಗುರುವಾರ ಖತೀಜಮ್ಮ ಬೆಳಗ್ಗೆಯೇ ಸ್ನಾನ ಮಾಡಿ, ಎದೆಗೆ ಚೀಟಿ ಚುಚ್ಚಿಸಿಕೊಂಡು ಬಂದರು. ಊಟವಾಯಿತು. ಅತ್ತೆಯ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು, ‘ಬಿಸ್ಮಿಲ್ಲಾ, ಕೊಡಿ ಅಕ್ಕಾ’ ಅಂದರು. ‘ತಗೋ’ ಅಂದರು ಅತ್ತೆ. ಖತೀಜಮ್ಮನ ಮುಖದ ನಗು ಹಾಗೇ ಇದ್ದು ಅದರ ಹಿಂದೆ ಯಾರೂ ಇಲ್ಲದಂತಾಯಿತು. ಮಂಡಿ ಹಿಡಿದು ‘ಯಾ ಅಲ್ಲಾ’ ಎಂದರು. ಸಿಸ್ಟರ್ ಅವರ ತೋಳು ಹಿಡಿದು ಹೊರಗೆ ನಡೆಸಿಕೊಂಡು ಹೋದರು. ನಾನು ತಿರುಗಿದೆ. ಅತ್ತೆ ನನ್ನನ್ನು ನೋಡುತ್ತಿದ್ದರು. ಮಗಳನ್ನು ನೋಡುವ ಹಾಗೆ ಎಂದೆಲ್ಲ ಹೇಳುವುದಿಲ್ಲ. ಸೊಸೆಯನ್ನು ನೋಡುವ ಹಾಗೆ, ತಲೆಯಿಂದ ಕಾಲಿನವರೆಗೆ, ಒಂದು ತಪ್ಪು ಹುಡುಕುತ್ತ ನೋಡಿದರು.

“ಕೂದಲಿಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತೇ ವೇಣಿ?”

ಎರಡು ವರ್ಷದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು. ನಾನು ನೆಲಕ್ಕೆ ಕುಸಿದು ಅವರ ಎರಡೂ ಕಾಲು ಹಿಡಿದು, ವರ್ಷದಿಂದ ಜೋಡಿಸಿಟ್ಟ ಮಾತನ್ನೆಲ್ಲ ಹೇಳಲು ಹೊರಟೆ, ಮೂಗು ಸೋರಿ ಅರ್ಧವೂ ಬರಲಿಲ್ಲ. ಅವರೆಕಾಯಿಯ ದಿನ ನಾನು ಅಂದದ್ದು ತಪ್ಪಾಯಿತು, ನನಗೆ ಗೊತ್ತಿರಲಿಲ್ಲ, ಇಷ್ಟು ಮಾತ್ರ ಬಂತು. ಅತ್ತೆ ಎಣ್ಣೆಯ ಬಟ್ಟಲು ತಂದು, ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ತಟ್ಟತೊಡಗಿದರು. ಇಷ್ಟು ಹೇಳುವುದಕ್ಕೆ ಆ ಬಡಪಾಯಿಗೆ ವರ್ಷವಿಡೀ ನಿನ್ನ ಸಪ್ಪೆ ಸಾರು ತಿನ್ನಿಸಿದೆಯಾ ಎಂದು ನಕ್ಕರು. ನೀನು ಹೇಳಿದ್ದರಲ್ಲಿ ಸುಳ್ಳೇನಿತ್ತು, ನಾನು ಕೊಟ್ಟಿದ್ದೇ ಅಷ್ಟು ಎಂದರು. ಆಮೇಲೆ ನರಳಿದರೆ ಹಿಡಿದುಕೊಂಡದ್ದು ನಿನಗೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೆ ಬಾಯಿ ಮುಚ್ಚಿದೆ, ಅಷ್ಟೇ ಎಂದರು. ನಾನು ಅಳುತ್ತಲೇ ಇದ್ದೆ, ಅವರು ಎಣ್ಣೆ ತಟ್ಟುತ್ತಲೇ ಇದ್ದರು.

ಆಮೇಲೆ ನಾವು ದೊಡ್ಡ ಮಾತೇನೂ ಆಡಲಿಲ್ಲ. ಜಡೆ ಹಾಕಿದರು. ಕಾಫಿ ಮಾಡಿ ಕುಡಿದೆವು, ಡಿಕಾಕ್ಷನ್ ತೆಳ್ಳಗಾಗಿದೆ ಎಂದು ಕೊಂಕು ತೆಗೆದರು. ಮಗನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು, ಅವನು ಚಿಕ್ಕವನಿದ್ದಾಗ ಮಾತ್ರೆ ಉಗಿಯುತ್ತಿದ್ದ ರೀತಿ, ನಾನೂ ಈಗ ಹಾಗೇ ಉಗಿಯುತ್ತೇನಂತೆ, ಖತೀಜಾ ಹೇಳಿದಳು ಎಂದು ಬೇಸರಪಟ್ಟರು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಅವರು ಮತ್ತೆ ಮತ್ತೆ ಆ ಗೋಡೆಯ ಕಡೆ ನೋಡತೊಡಗಿದರು. ಮುಂದಿನ ಗುರುವಾರವೂ ಎಂದಿನಂತೆ ನಾನೇ ಹೊರುತ್ತೇನೆ, ಹೀಗೇ ಮೂರು ಗಂಟೆ ಆರಾಮಾಗಿರಿ, ಇನ್ನೊಂದು ಸಲ ಹೊರಲು ಖತೀಜಮ್ಮನನ್ನೂ ಒಪ್ಪಿಸುತ್ತೇನೆ ಎಂದೆ. ಅವರು ನನ್ನ ಬಾಯಿಯ ಮೇಲೆ ಕೈ ಇಟ್ಟರು.

“ಬೇಡ ಕಣೆ. ಇನ್ನು ಯಾರೂ ಹೊರಬೇಡಿ,” ಅಂದರು. “ನೀನು ಹೋದ ಮೇಲೆ ನಂಗೆ ಎಲ್ಲಾ ಗೊತ್ತಾಗುತ್ತೆ. ನಾನು ಹೇಗಾಗಿದೀನಿ ಅನ್ನೋದೂ ಗೊತ್ತಾಗುತ್ತೆ. ಬಿಸಿಲು ಗೋಡೆ ಮೇಲೆ ಹೋದ ಹಾಗೆಲ್ಲ ಎದೆ ಹಾರೋದಕ್ಕೆ ಶುರು. ಆಮೇಲೆ ನೀನು ಬರ್ತೀಯ, ನನ್ನ ಮರೆವು ನಿನ್ನ ಮುಖದ ಮೇಲೆ ಕೂತಿರುತ್ತೆ. ಅದನ್ನ ನಾನೇ ಕೇಳಿ ಇಸ್ಕೋಬೇಕು. ವಾರಕ್ಕೊಂದು ಸಲ ಸತ್ತ ಹಾಗೆ ವೇಣಿ.”

ಐವತ್ತಕ್ಕೂ ಹೆಚ್ಚು ಗುರುವಾರ ನಾನು ಉಡುಗೊರೆ ಅಂದುಕೊಂಡು ಕೊಟ್ಟದ್ದು ಇದು. ಇಷ್ಟು ದಿನ ಯಾಕೆ ಖತೀಜಮ್ಮನ ಕೈಲಿ ಹೇಳಿ ಕಳಿಸಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನೀನು ಹೊರುವುದನ್ನು ಬಿಡುತ್ತಿದ್ದೆ, ಇವತ್ತಿನ ದಿನ ಬರುತ್ತಿರಲಿಲ್ಲ, ನಿನ್ನನ್ನು ಒಂದು ಸಲ ನೋಡಬೇಕು ಅಂತ ನನಗೂ ಇತ್ತಲ್ಲ, ಅದಕ್ಕೇ ಅವಳಿಂದ ಆಣೆ ಮಾಡಿಸಿಕೊಂಡೆ ಎಂದರು. ಹೊರದಿದ್ದರೆ ಡಾಕ್ಟರು ಹೇಗೆ ನೋಡುತ್ತಾರೆ, ಮಂಡಿ ಹೆಚ್ಚಾದರೆ ಹೇಗೆ ಗೊತ್ತಾಗುತ್ತದೆ ಎಂದೆ, ಮೂರ್ಖಿಯ ಹಾಗೆ.

“ಈ ಊರೋರಿಗೆ ಹೊತ್ತಿದ್ದಷ್ಟೇ ನಿಜ,” ಅಂದರು ಅತ್ತೆ. “ಇನ್ಮೇಲೆ ನಾನು ನರಳಿದ್ರೆ ನಂಬು. ಹೋಗಿ ಬಾಯಲ್ಲಿ ಹೇಳು ಡಾಕ್ಟ್ರಿಗೆ. ಅಷ್ಟು ಸಾಕು ನಂಗೆ.”

ಆಗಲಿ ಎಂದು ಮಾತು ಕೊಟ್ಟೆ. ಇನ್ನು ಮೇಲೆ ನನ್ನನ್ನು ಗುರುತಿಸುವ ಅತ್ತೆ ನನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೇ ಕೊಟ್ಟೆ.

ಬೀದಿಯ ತಿರುವಿನಲ್ಲಿ ಸಿಸ್ಟರ್ ಕಾಣಿಸಿದರು, ಅವರ ತೋಳಿಗೆ ಜೋತುಬಿದ್ದು ಖತೀಜಮ್ಮ. ದೀಪ ಹಚ್ಚಲು ಇನ್ನೂ ಕಾಲು ಗಂಟೆಯಿತ್ತು. ಸುಳ್ಳು ಹೇಳುವುದಿಲ್ಲ, ಆ ಕಾಲು ಗಂಟೆಯನ್ನು ನಾನು ಲೆಕ್ಕ ಹಾಕಿದೆ. ಬಾಗಿಲು ಹಾಕಿ ಅತ್ತೆಯನ್ನು ಒಳಗೆ ಹಿಡಿದುಕೊಂಡರೆ ಸಾಕು, ಅವರು ನನ್ನವರಾಗಿ ಉಳಿಯುತ್ತಾರೆ. ನನಗಾಗಿ ವರ್ಷ ಸಪ್ಪೆ ಉಂಡ ಹೆಂಗಸು ಬೀದಿಯಲ್ಲಿ ಹೆಸರು ಗೊತ್ತಿಲ್ಲದೆ ನಿಲ್ಲುತ್ತಾರೆ. ನನ್ನ ಕೈ ಬಾಗಿಲ ಮೇಲಿತ್ತು. ಅತ್ತೆ ಅದನ್ನು ನೋಡಿದರು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ನೀನು ಒಳಗೆ ಹೋಗು. ಇದನ್ನ ನೋಡ್ಬೇಡ,” ಅಂದರು.

ಇಲ್ಲೇ ಇರುತ್ತೇನೆ ಎಂದೆ. ಸರಿ ಎಂದು ತಲೆಯಾಡಿಸಿ, ಹೊಸ್ತಿಲ ಮೇಲೆ ನಿಂತು, ಎರಡೂ ಕೈಯಿಂದ ಸೆರಗು ಸರಿಮಾಡಿಕೊಂಡರು. ನನ್ನ ಮುಖವನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಆ ಕಡೆ ತಿರುಗಿ ಕೈ ಚಾಚಿ, ‘ಕೊಡು ಖತೀಜಾ, ಸಾಕು ನೀನು ಹೊತ್ತಿದ್ದು’ ಅಂದರು. ಖತೀಜಮ್ಮನಲ್ಲಿ ಏನನ್ನೂ ಉಳಿಸದೆ ಎಲ್ಲವನ್ನೂ ಇಸಿದುಕೊಂಡರು.

ಖತೀಜಮ್ಮನಿಗೆ ಬುದ್ಧಿ ತಿರುಗಿ ಬಂತು. ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು, ಈಗ ನೋವಿಲ್ಲದ ಮಂಡಿಯನ್ನು ತಬ್ಬಿಕೊಂಡು ಜೋರಾಗಿ ಅಳತೊಡಗಿದರು. ಅತ್ತೆ ಅವರನ್ನು ನೋಡಿದರು, ಆಮೇಲೆ ನನ್ನನ್ನು. ಪಾಪ, ಆ ಹೆಂಗಸಿಗೆ ಏನಾಯಿತೋ, ಕುಡಿಯಲು ನೀರು ಕೊಡಿ ಎಂದರು. ಕೊಟ್ಟೆ. ಸಿಸ್ಟರ್ ಖತೀಜಮ್ಮನನ್ನು ಅವರ ಮನೆಗೆ ಕರೆದುಕೊಂಡು ಹೋದರು. ಅತ್ತೆ ‘ಅಮ್ಮಾ’ ಎಂದು ನರಳುತ್ತ ಜಗಲಿಯ ಮೇಲೆ ಕೂತರು. ನಾನು ಅವರ ಮಂಡಿಗೆ ಕೈ ಇಟ್ಟು ಒತ್ತತೊಡಗಿದೆ. ಸ್ವಲ್ಪ ಹೊತ್ತು ಒತ್ತಿಸಿಕೊಂಡು ನನ್ನ ಮುಖವನ್ನೇ ನೋಡಿದರು.

“ನೀವೂ ಅಳ್ತಿದೀರಲ್ಲಮ್ಮ. ಮನೇಲಿ ಅತ್ತೆ ಏನಾದ್ರೂ ಅಂದ್ರಾ?”

“ಇಲ್ಲ. ನಮ್ಮತ್ತೆ ಏನೂ ಅನ್ನಲ್ಲ.”

“ಹಾಗಾದ್ರೆ ಹೊರಡಿ, ಕತ್ತಲಾಗ್ತಾ ಬಂತು. ನೀವು ಬರೋದನ್ನೇ ಕಾಯ್ತಾ ಕೂತಿರ್ತಾರೆ.”

ಆಯಿತು, ಹೊರಡುತ್ತೇನೆ ಎಂದೆ. ಒಳಗೆ ಹೋಗಿ ದೀಪ ಹಚ್ಚಿ, ತಿರುಗಿ ಬಂದು ಅವರ ಪಕ್ಕದಲ್ಲಿ ಕೂತೆ.